ಬೈಬಲ್ ಹಾಕಿ ಸೀಟು ಹಿಡಿಯುತ್ತಿದ್ದ ಹುಡುಗಿ

ಅವಳ ಹೆಸರು ಬರೆಯುವಂತಿಲ್ಲ. "ಬರೀರಿ ಅಕ್ಕಾ, ಎಷ್ಟು ಬೇಕಾದ್ರೂ ಬರೀರಿ, ಹೆಸರು ಮಾತ್ರ ಹಾಕ್ಬೇಡಿ, ನಮ್ಮ ಚರ್ಚಲ್ಲಿ ಓದೋರು ಜಾಸ್ತಿ" ಎಂದು ಹೋದ ಭಾನುವಾರ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮೈಸೂರಿನ ಗಾಡಿ ಹತ್ತುವಾಗ ಹೇಳಿ ಹೋಗಿದ್ದಾಳೆ. ಎರಡು ವರ್ಷ ಒಂದೇ ರೈಲಿನಲ್ಲಿ, ಒಂದೇ ಬೋಗಿಯಲ್ಲಿ, ಪಕ್ಕಪಕ್ಕದ ಸೀಟಿನಲ್ಲಿ ಕೂತು ಹೋದವರು ನಾವು. ನನಗೆ ಅವಳಿಗಿಂತ ಹದಿನೈದು ವರ್ಷ ಜಾಸ್ತಿ. ಬುದ್ಧಿ ಮಾತ್ರ ಅಷ್ಟು ಜಾಸ್ತಿ ಇಲ್ಲ ಅನ್ನುವುದು ಅವಳ ಜೊತೆ ಕೂತಮೇಲೆ ಗೊತ್ತಾಯಿತು.

ನನ್ನದು ಬಂಗಾರಪೇಟೆಯಿಂದ ಮೂರು ಕಿಲೋಮೀಟರ್ ಆಚೆಯ ಹಳ್ಳಿ. ಬೆಳಿಗ್ಗೆ ಎದ್ದು ಮೂರು ಹಸು ಕರೆದು, ಡೈರಿಗೆ ಹಾಲು ಹಾಕಿ, ಗಂಡನ ಗಾಡಿಯಲ್ಲಿ ಸ್ಟೇಷನ್ ಮುಟ್ಟಿ ರೈಲು ಹಿಡಿಯಬೇಕು. ಕೆ.ಆರ್. ಪುರದ ಹತ್ತಿರದ ಗಾರ್ಮೆಂಟ್ಸಿನಲ್ಲಿ ಹೊಲಿದ ಶರ್ಟುಗಳನ್ನು ಚೆಕ್ ಮಾಡುವ ಕೆಲಸ. ದಿನವಿಡೀ ನಿಂತೇ ಮಾಡಬೇಕು. ಎಡಗಾಲಿನ ನರಗಳು ಉಬ್ಬಿ ಹಗ್ಗದ ಹಾಗಾಗಿವೆ. ಎಲ್ಲಿ ಅವಕಾಶ ಸಿಕ್ಕರೂ ಕೂತುಕೋ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನಮ್ಮ ರೈಲು ಹೊರಡುವುದು ಮಾರಿಕುಪ್ಪಮ್ಮಿನಿಂದ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕೆ.ಜಿ.ಎಫ್. ಜನ ಸೀಟೆಲ್ಲ ತುಂಬಿಕೊಂಡು, ಅರ್ಧ ನಿದ್ದೆಯನ್ನೂ ಮುಗಿಸಿರುತ್ತಾರೆ.

ಸೀಟು ಹಿಡಿಯುವುದು ನಮ್ಮ ರೈಲಿನಲ್ಲಿ ದೊಡ್ಡ ವಿದ್ಯೆ. ಖಾಲಿ ಗಾಡಿ ಹತ್ತಿದವರು ಬಂಗಾರಪೇಟೆಯ ಸ್ನೇಹಿತರಿಗೆ ಕರ್ಚೀಫು ಹಾಸುತ್ತಾರೆ, ಊಟದ ಬ್ಯಾಗು ಇಡುತ್ತಾರೆ, ಕೊಡೆ ಮಲಗಿಸುತ್ತಾರೆ. ಕರ್ಚೀಫನ್ನು ಜನ ಒದರಿ ಎಸೆಯುತ್ತಾರೆ. ಬ್ಯಾಗನ್ನು ಮೇಲೆ ತಳ್ಳುತ್ತಾರೆ. ಆಮೇಲೆ ಮೂರು ಭಾಷೆಯಲ್ಲಿ ಜಗಳ. ಆದರೆ ಸೀಟಿನ ಮೇಲೆ ಕರೀ ಜಿಪ್ಪಿನ ಕವರು ಹಾಕಿದ ತಮಿಳು ಬೈಬಲ್ ಇದ್ದರೆ ಯಾರೂ ಮುಟ್ಟುವುದಿಲ್ಲ. ಹಿಂದೂಗಳು ಮುಟ್ಟುವುದಿಲ್ಲ, ಮುಸಲ್ಮಾನರು ಮುಟ್ಟುವುದಿಲ್ಲ, ಕ್ರೈಸ್ತರಂತೂ ಅದರ ಪಕ್ಕದಲ್ಲಿ ಕಾಲು ಮಡಚಿಕೊಂಡು ಕೂರುತ್ತಾರೆ.

ನಾನು ಅವಳನ್ನು ಮೊದಲು ನೋಡಿದ ದಿನ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಾ ಕಂಬಕ್ಕೆ ಒರಗಿ ನಿಂತಿದ್ದೆ. ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಪಕ್ಕದ ಸೀಟಿನಿಂದ ಬೈಬಲ್ ಎತ್ತಿ, "ಕೂತ್ಕೊಳ್ಳಿ ಅಕ್ಕಾ" ಎಂದಳು.

"ಯಾರಿಗೋ ಇಡ್ಕಂಡಿದ್ದೀಯಲ್ಲಮ್ಮಾ?"

"ಯಾರಿಗೂ ಇಲ್ಲ. ಅಪ್ಪ ಹಿಡೀತಿದ್ರು, ನಾನೂ ಹಿಡೀತೀನಿ. ಬಂಗಾರಪೇಟೇಲಿ ಕಾಲು ನೋವಿರೋರು ಯಾರಾದ್ರೂ ಹತ್ತೇ ಹತ್ತುತ್ತಾರೆ."

ಅವಳ ಅಪ್ಪ ಚಾಂಪಿಯನ್ ರೀಫ್ಸಿನ ಗಣಿಯಲ್ಲಿ ನೆಲದೊಳಗೆ ದುಡಿದವರು. ಗಣಿ ಮುಚ್ಚಿದ ಮೇಲೆ ಇದೇ ರೈಲು ಹತ್ತಿ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಿದ್ದರಂತೆ. ಪ್ರತಿದಿನ ಪಕ್ಕದ ಸೀಟಿಗೆ ಈ ಬೈಬಲ್ ಇಟ್ಟು, ಬಂಗಾರಪೇಟೆಯಲ್ಲಿ ಹತ್ತುವ ಯಾರಿಗಾದರೂ ಬಿಟ್ಟುಕೊಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಪುಸ್ತಕವೂ ಅಭ್ಯಾಸವೂ ಮಗಳಿಗೆ ಬಂದವು. ಆ ದಿನದಿಂದ ಆ ಸೀಟು ನನ್ನದೇ ಆಯಿತು. ನಾನು ಕೂರುವ ಮುಂಚೆ ಬೈಬಲ್ಲನ್ನು ಕಣ್ಣಿಗೆ ಒತ್ತಿಕೊಂಡು ಅವಳ ಕೈಗೆ ಕೊಡುತ್ತಿದ್ದೆ. ಪುಸ್ತಕ ಅಂದಮೇಲೆ ಕಣ್ಣಿಗೆ ಒತ್ತಿಕೊಳ್ಳದೆ ನಮಗೆ ಆಗುವುದಿಲ್ಲ. ಪ್ರತಿಸಲವೂ ಅವಳು ಕಿಸಕ್ಕೆಂದು ನಗುತ್ತಿದ್ದಳು. ಯಾಕೆ ನಗುತ್ತಾಳೆ ಎಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಅವಳು ಮಾತಾಡುವುದನ್ನು ನೀವು ನೋಡಬೇಕಿತ್ತು. ಎರಡು ಕೈಯೂ ಬೇಕು ಅವಳಿಗೆ. ನಿಂತಿದ್ದಾಗಲೂ ಮೇಲಿನ ಹಿಡಿ ಹಿಡಿಯುತ್ತಿರಲಿಲ್ಲ. ಗಾಡಿ ಬ್ರೇಕ್ ಹಾಕಿದರೆ ಎದುರಿಗಿದ್ದವರ ಮೇಲೆ ಬಿದ್ದು, "ಯೇಸಪ್ಪಾ!" ಎಂದು ಕೂಗಿ, ಅವರ ಹೆಗಲ ಮೇಲೆಯೇ ಕೈಯಿಟ್ಟು ಮಾತು ಮುಂದುವರಿಸುತ್ತಿದ್ದಳು. ಕತ್ತಿನಲ್ಲಿ ನೇತಾಡುವ ಆಸ್ಪತ್ರೆಯ ಗುರುತಿನ ಚೀಟಿಯನ್ನು ತಿರುಗಿಸಿ ತಿರುಗಿಸಿ ಅದರ ದಾರವೇ ಹುರಿಗಟ್ಟಿತ್ತು. ಕನ್ನಡದಲ್ಲಿ ಶುರುವಾದ ವಾಕ್ಯ ಸಿಟ್ಟು ಬಂದರೆ ತಮಿಳಿಗೆ ತಿರುಗುತ್ತಿತ್ತು, ನಗು ಬಂದರೆ ವಾಪಸ್ಸು ಕನ್ನಡಕ್ಕೆ ಬರುತ್ತಿತ್ತು. ಟೇಕಲ್ಲಿನಿಂದ ಮಾಲೂರಿನವರೆಗೆ ಒಂದೇ ಉಸಿರಿನಲ್ಲಿ ಮಾತಾಡಬಲ್ಲಳು.

ಕಣ್ಣಿನ ಆಸ್ಪತ್ರೆಯಲ್ಲಿ ಅವಳ ಕೆಲಸ ಗೋಡೆಯ ಮೇಲಿನ ಅಕ್ಷರಗಳನ್ನು ರೋಗಿಗಳಿಂದ ಓದಿಸುವುದು. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಇನ್ನೂ ಸಣ್ಣ ಅಕ್ಷರ. ನನ್ನ ಪರಿಚಯವಾಗುವ ಮುಂಚೆ ಒಂದು ದಿನ ಒಬ್ಬ ತಾತ ಬಂದು ಕೊನೆಯ ಸಾಲಿನವರೆಗೆ ಪಟಪಟನೆ ಓದಿಬಿಟ್ಟರಂತೆ. ಕಣ್ಣಿನಲ್ಲಿ ಪೊರೆ ಎದ್ದು ಕಾಣುತ್ತಿದೆ, ತಾತ ಮಾತ್ರ ಹುಡುಗನ ಹಾಗೆ ಓದುತ್ತಿದ್ದಾರೆ. ಇವಳಿಗೆ ಅನುಮಾನ ಬಂದು ಬೇರೆ ಅಕ್ಷರಗಳ ಹಲಗೆ ಹಾಕಿದಳು. ತಾತನಿಗೆ ಮೊದಲ ಅಕ್ಷರವೇ ಕಾಣಲಿಲ್ಲ. ಸಾಲಿನಲ್ಲಿ ಕೂತಿದ್ದಾಗ ಮುಂದಿನವರು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

"ನಾನು ಬೈದುಬಿಟ್ಟೆ ಅಕ್ಕಾ. ಕಾಣದಿದ್ರೆ ಕಾಣಲ್ಲ ಅನ್ನಿ ತಾತ, ಇಲ್ಲಾಂದ್ರೆ ತಪ್ಪು ಕನ್ನಡಕ ಬರತ್ತೆ ಅಂದೆ. ಅವರು ಏನಂದ್ರು ಗೊತ್ತಾ? ಎಲ್ಲರೂ ಓದ್ತಿದ್ರಮ್ಮಾ, ನಾನೊಬ್ಬ ಕಾಣಲ್ಲ ಅನ್ನೋಕೆ ನಾಚಿಕೆ ಆಯ್ತು ಅಂದ್ರು." ಅವಳ ಎರಡು ಕೈಯೂ ಗಾಳಿಯಲ್ಲಿ ನಿಂತುಬಿಟ್ಟಿದ್ದವು. "ಅವತ್ತು ಸಾಯಂಕಾಲ ಪ್ರೇಯರ್ ಮೀಟಿಂಗು. ಎಲ್ಲರೂ ಕಣ್ಣು ಮುಚ್ಚಿ ಹಾಡ್ತಿದ್ದಾರೆ, ಅಳ್ತಿದ್ದಾರೆ. ನಾನೂ ಹಾಡ್ತಿದ್ದೀನಿ. ತಟ್ಟಂತ ಅನ್ನಿಸ್ತು. ಅಯ್ಯೋ, ನಾನೂ ಆ ತಾತನೇ! ಚಿಕ್ಕಂದಿನಿಂದ ಪಕ್ಕದವರು ಓದಿದ್ದನ್ನೇ ಓದ್ತಿದ್ದೀನಿ. ನಂಗೇನೂ ಕಾಣ್ತಿಲ್ಲ ಅಕ್ಕಾ."

"ಬಿಡ್ತು ಅನ್ನು!" ಎಂದೆ ನಾನು, ಗಾಬರಿಯಾಗಿ. ಮಡಿಲಲ್ಲಿ ಬೈಬಲ್ ಇಟ್ಟುಕೊಂಡು ಅಂಥ ಮಾತಾಡಿದರೆ ಆ ದೇವರಿಗೆ ಕೇಳಿಸುವುದಿಲ್ಲವೇ ಅಂತ ನನ್ನ ಭಯ. "ಎದ್ರಿಕೆ ಆಗ್ಲಿಲ್ವಾ ನಿಂಗೆ?"

"ಆಯ್ತು. ಆದ್ರೆ ಖುಷೀನೂ ಆಯ್ತು ಅಕ್ಕಾ! ಗೊತ್ತಿಲ್ಲ ಅನ್ನೋದು ಎಷ್ಟು ಚೆನ್ನಾಗಿದೆ. ಈಗ ಮೊದಲಿಂದ ನೋಡಬಹುದಲ್ಲ." ನಂಬದವಳ ಬೈಬಲ್ಲನ್ನು ನಾನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದುದಕ್ಕೇ ಆ ನಗು ಎಂದು ಅವತ್ತು ತಿಳಿಯಿತು.

ನೋಡುವುದು ಅಂದರೆ ನಿಜವಾಗಿ ನೋಡುವುದೇ. ಆಸ್ಪತ್ರೆಯ ಗೆಳತಿಯ ಜೊತೆ ದರ್ಗಾಕ್ಕೆ ಹೋಗಿಬಂದಳು. ನಮ್ಮ ಮನೆಗೆ ಬಂದು, ಹಸುವಿನ ಹಣೆಗೆ ಕುಂಕುಮ ಯಾಕೆ ಎಂದು ನನ್ನ ಅತ್ತೆಯನ್ನು ಕೇಳಿದಳು. "ಆಲು ಕೊಡ್ತದಲ್ಲವ್ವಾ, ಅದಕ್ಕೊಂದು ಮರ್ಯಾದೆ ಬ್ಯಾಡ್ವಾ?" ಎಂದರು ಅತ್ತೆ. "ಇದು ಕಾಣ್ತಿದೆ ಅಕ್ಕಾ, ಇದು ನಂಗೆ ಚೆನ್ನಾಗಿ ಕಾಣ್ತಿದೆ" ಎಂದು ಕುಣಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ನಂಬ್ತೀರಾ ಅಕ್ಕಾ?" ಎಂದಳು. ನಲವತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ದೀಪ ಹಚ್ಚಿದೆಯಾ ಎಂದು ಕೇಳಿದ್ದಾರೆ, ಹೂವು ತಂದೆಯಾ ಎಂದು ಕೇಳಿದ್ದಾರೆ. ನಂಬುತ್ತೀಯಾ ಎಂದು ಅವಳೊಬ್ಬಳೇ ಕೇಳಿದ್ದು. ಇನ್ನೂ ಯೋಚನೆ ಮಾಡುತ್ತಿದ್ದೇನೆ.

ಬೈಬಲ್ ಮಾತ್ರ ದಿನವೂ ಬರುತ್ತಿತ್ತು. "ನಂಬ್ದೇ ಇರೋಳು ಯಾಕ್ ತತ್ತೀಯ?" ಎಂದರೆ, "ಇದು ಅಪ್ಪನ ಸೀಟು ಅಕ್ಕಾ, ನಂಬಿಕೆ ಬೇರೆ" ಎನ್ನುತ್ತಿದ್ದಳು. ಹಾಗಾದರೆ ಆ ಯೇಸಪ್ಪಾ? "ಅದು ಅಭ್ಯಾಸ."

ಈಗ ಬೇತಮಂಗಲದ ವಿಷಯಕ್ಕೆ ಬರುತ್ತೇನೆ. ಇದು ಊರಿನ ವಿಷಯವಲ್ಲ, ಹುಡುಗನ ವಿಷಯ. ಬೇತಮಂಗಲದ ಕೆರೆಯ ಕೆಳಗೆ ಅವರ ಮನೆಯವರು ಟೊಮೇಟೊ ಬೆಳೆಯುತ್ತಾರೆ. ಇವನು ವೈಟ್‌ಫೀಲ್ಡಿನ ಗೋದಾಮಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಊರ್ಗಾಂ ಸ್ಟೇಷನ್ನಿನಲ್ಲಿ ಬೈಕ್ ನಿಲ್ಲಿಸಿ ನಮ್ಮ ಬೋಗಿಗೇ ಹತ್ತುತ್ತಿದ್ದ. ಬೋಗಿಯವರೆಲ್ಲ ಅವನನ್ನು ಊರ ಹೆಸರಿನಿಂದಲೇ ಕರೆಯುತ್ತಿದ್ದೆವು. ಆರು ತಿಂಗಳು ಅವಳನ್ನು ನೋಡುವುದು, ಅವಳು ನೋಡಿದರೆ ಫ್ಯಾನ್ ನೋಡುವುದು, ಇದೇ ಅವನ ಕೆಲಸ. ಒಂದು ಸಾಯಂಕಾಲ ಅವಳು ರಜೆಯಲ್ಲಿದ್ದಾಗ ನನ್ನ ಹತ್ತಿರ ಬಂದ.

"ಅಕ್ಕಾ, ಒಂದ್ ಮಾತ್ ಕೇಳ್ಲಾ? ಅವ್ರು ಬೋ ದೈವಭಕ್ತರು ಅಲ್ವಾ?"

"ಯಾರ್ಲಾ?"

"ಅದೇ ಕಣಕ್ಕಾ. ದಿನಾ ಬೈಬಲ್ ತತ್ತಾರಲ್ಲ. ಅಂತಾ ಉಡ್ಗಿ ಈಗಿನ್ ಕಾಲ್ದಾಗೆ ಎಲ್ಲಿ ಸಿಕ್ತಾರೆ?"

ನಾನು ನಗು ತಡೆಯಲು ಕಿಟಕಿಯ ಆಚೆ ನೋಡಿದೆ. ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ, ನನ್ನದೂ ತಪ್ಪಿದೆ. ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿನದ ಲೆಂಟ್ ಶುರುವಾಯಿತು. ಚಾಂಪಿಯನ್ನಿನ ಹೆಂಗಸರೆಲ್ಲ ಮಾಂಸ ಬಿಟ್ಟಿದ್ದೇವೆ ಎಂದು ಬೋಗಿಯಲ್ಲಿ ಮಾತಾಡಿಕೊಂಡದ್ದು ಇವನ ಕಿವಿಗೆ ಬಿತ್ತು. ಮಾರನೆಯ ದಿನದಿಂದ ಇವನೂ ಕೋಳಿ, ಕುರಿ, ಮೊಟ್ಟೆ ಎಲ್ಲ ಬಿಟ್ಟ. ಮಗ ಮಾಲೆ ಹಾಕದೆಯೇ ಅಯ್ಯಪ್ಪನ ವ್ರತ ಹಿಡಿದಿದ್ದಾನೆ ಎಂದುಕೊಂಡು ಅವನ ತಾಯಿ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿ ಹಾಕತೊಡಗಿದರು. ಇತ್ತ ನಮ್ಮ ದೈವಭಕ್ತೆ ಆಸ್ಪತ್ರೆಯ ಪಕ್ಕದ ಹೋಟೆಲಿನಲ್ಲಿ ಬುಧವಾರಕ್ಕೊಂದು ಬಿರಿಯಾನಿ ಬಾರಿಸುತ್ತಿದ್ದಳು.

ಅವನು ಕೊನೆಗೂ ಕೇಳಿದ. ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನೋಣವೇ ಎಂದು. ಅವಳು ಆ ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಬೆಳಿಗ್ಗೆ ರೈಲಿನಲ್ಲಿ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಒಬ್ಬ ಹುಡುಗನ ಜೊತೆ ಒಬ್ಬಳೇ ನಿಂತು ಏನೂ ತಿಂದಿಲ್ಲ ನಾನು. ಹುಡುಗರ ಜೊತೆ ಕೋರಸ್ ಹಾಡಿದ್ದು ಬಿಟ್ರೆ ಏನೂ ಗೊತ್ತಿಲ್ಲ. ನೀವೂ ಬನ್ನಿ" ಎಂದಳು. ಮುಖ ಹಬ್ಬದ ಮನೆಯ ಹಾಗಿತ್ತು. ನನಗೂ ಏನೋ ಸಂಭ್ರಮ. ಗಂಡನಿಗೆ ಫೋನ್ ಮಾಡಿ, ಇವತ್ತು ಹಸು ನೀನೇ ಕರಿ ಎಂದೆ.

ಸಂಜೆ ಪಾನಿಪುರಿ ಗಾಡಿಯವನು ದೊನ್ನೆ ಕೊಟ್ಟು ಮೊದಲ ಪುರಿಯನ್ನು ಅವನ ಕೈಗಿಟ್ಟ. ನಮ್ಮ ಊರಿನ ಪಾನಿ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ತಟ್ಟನೆ ಬಾಯಿಗೆ ಹಾಕಿಕೊಳ್ಳಬೇಕು, ತಡಮಾಡಿದರೆ ಕೆಟ್ಟಿತು. ಆದರೆ ಇವನು ಪುರಿಯನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ತುಟಿ ಅಲ್ಲಾಡುತ್ತಿತ್ತು. "ಕರ್ತನೇ, ಈ ಆಹಾರವನ್ನು ಆಶೀರ್ವದಿಸು" ಎಂದು ಶುರುಮಾಡಿ, ಯಾವುದೋ ಮೊಬೈಲ್ ವಿಡಿಯೋದಿಂದ ಕಲಿತ ಉದ್ದದ ಪ್ರಾರ್ಥನೆಯನ್ನು ಒಪ್ಪಿಸತೊಡಗಿದ. ಕ್ರೈಸ್ತರ ಹುಡುಗಿ ಪ್ರಾರ್ಥನೆ ಮಾಡದೆ ತುತ್ತು ಎತ್ತುವುದಿಲ್ಲ ಎಂದು ಅವನಿಗೆ ಗಟ್ಟಿ ನಂಬಿಕೆ. ಅರ್ಧ ಪ್ರಾರ್ಥನೆಗೆ ಪುರಿ ನೆನೆಯಿತು, ಮುಕ್ಕಾಲಿಗೆ ಒಡೆಯಿತು. ಪಾನಿ ಮೊಣಕೈಯವರೆಗೆ ಇಳಿದು ಶರ್ಟಿನ ತೋಳಿಗೆ ಹೋಯಿತು. ಅವನು ಆಮೆನ್ ಎನ್ನುವವರೆಗೂ ಕಣ್ಣು ಬಿಡಲಿಲ್ಲ. ಗಾಡಿಯವನು ಸೌಟು ಹಿಡಿದು ಬಾಯಿಬಿಟ್ಟುಕೊಂಡು ನಿಂತಿದ್ದ.

ಅವಳು ನಕ್ಕಳು. ನಕ್ಕು ನಕ್ಕು ಗಾಡಿ ಹಿಡಿದು ಕೂತೇಬಿಟ್ಟಳು. ಅವನೂ ನಕ್ಕ. ಆದರೆ ರೈಲಿನಲ್ಲಿ ಮರುದಿನ ಅವಳ ಮುಖದಲ್ಲಿ ನಗು ಇರಲಿಲ್ಲ.

"ಅವನು ಒಳ್ಳೆಯವನು ಅಕ್ಕಾ. ಅವನ ಮುಂದೆ ನಿಂತ್ರೆ ಎದೆ ಡಬಡಬ ಅನ್ನತ್ತೆ, ತಡಿಯಕ್ಕಾಗಲ್ಲ. ಆದ್ರೆ ಅವನಿಗೆ ಇಷ್ಟ ಆಗಿರೋದು ಬೈಬಲ್ ಹಿಡಿದಿರೋ ಹುಡುಗಿ. ಅವಳು ನಾನಲ್ಲ ಅಂತ ಗೊತ್ತಾದ್ರೆ ಎದ್ದು ಹೋಗ್ತಾನೆ."

ಅದೇ ವಾರ ಇನ್ನೊಂದು ಕಷ್ಟ ಬಂತು. ಅವಳ ಅಮ್ಮ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಈಸ್ಟರ್ ದಿನ ಮಗಳು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕು, ದೇವರು ತನ್ನ ಬಾಳಿನಲ್ಲಿ ಏನು ಮಾಡಿದ ಎಂದು ಎಲ್ಲರ ಎದುರು ಹೇಳಬೇಕು ಎಂದು ಪಾಸ್ಟರಿಗೆ ಮಾತು ಕೊಟ್ಟುಬಂದಿದ್ದರು. ಗಂಡ ಹೋದ ಮೇಲೆ ಆ ತಾಯಿಗೆ ಇದ್ದದ್ದು ಎರಡೇ, ಚರ್ಚು ಮತ್ತು ಈ ಮಗಳು. ಒಂದರ ಎದುರು ಇನ್ನೊಂದು ನಿಂತರೆ ಏನಾಗುತ್ತದೆ ಎಂದು ಅವಳಿಗೆ ಭಯ. ನಿಜ ಹೇಳಿದರೆ ಅಮ್ಮನನ್ನೂ ಹುಡುಗನನ್ನೂ ಕಳೆದುಕೊಳ್ಳುತ್ತಾಳೆ, ಸುಮ್ಮನಿದ್ದರೆ ಇಬ್ಬರೂ ಉಳಿಯುತ್ತಾರೆ. ನನಗೆ ಲೆಕ್ಕ ಸುಲಭವಾಗಿ ಕಂಡಿತು.

"ಏ ಪಾಪ, ಎಂಗೋ ಎರಡು ಮಾತು ಏಳಿ ಕೂತ್ಕಂಬುಡು. ಯಾರು ನಿನ್ನ ಎದೆ ಬಗೆದು ನೋಡ್ತಾರೆ?" ಎಂದೆ.

ಅವಳು ನನ್ನ ಕಡೆ ತಿರುಗಿ, "ಅಕ್ಕಾ, ಆ ತಾತನಿಗೆ ನಾನು ಬೈದಿದ್ದೆ" ಎಂದಳು. ನನಗೆ ನಾಚಿಕೆಯಾಯಿತು.

ಈಸ್ಟರಿನ ಮಾರನೆಯ ದಿನ ಬಂಗಾರಪೇಟೆಯಲ್ಲಿ ಗಾಡಿ ಹತ್ತಿದರೆ ನನ್ನ ಸೀಟಿನಲ್ಲಿ ದಪ್ಪ ಮನುಷ್ಯನೊಬ್ಬ ನಿದ್ದೆ ಮಾಡುತ್ತಿದ್ದ. ಅವಳು ಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿ ಬೈಬಲ್ ಇರಲಿಲ್ಲ. ಕಣ್ಣು ಊದಿದ್ದವು. ಆದರೂ ನನ್ನನ್ನು ನೋಡಿದ್ದೇ, "ಹೇಳ್ಬಿಟ್ಟೆ ಅಕ್ಕಾ!" ಎಂದು ಎರಡು ಕೈಯೂ ಎತ್ತಿದಳು.

ಚರ್ಚಿನಲ್ಲಿ ಅಲ್ಲ, ಶನಿವಾರ ಸಂಜೆ ಮನೆಯಲ್ಲಿಯೇ ಹೇಳಿದ್ದಳು. ಅಮ್ಮ ಮಗಳಿಗೆ ಬಿಳೀ ಸೀರೆ ಇಸ್ತ್ರಿ ಮಾಡುತ್ತಿದ್ದರಂತೆ. "ಎರಡನ್ನೂ ಒಟ್ಟಿಗೆ ಹೇಳ್ಬಿಟ್ಟೆ. ನಂಗೆ ನಂಬಿಕೆ ಇಲ್ಲಮ್ಮಾ, ಇರೋ ಹಾಗೆ ನಟಿಸಕ್ಕಾಗಲ್ಲ ಅಂದೆ. ಒಬ್ಬ ಹುಡುಗ ಇದ್ದಾನೆ, ನಮ್ಮೋರಲ್ಲ ಅಂದೆ. ಮೊದಲನೇದಕ್ಕೆ ಅತ್ತಳು, ಎರಡನೇದಕ್ಕೆ ಇಸ್ತ್ರಿಪೆಟ್ಟಿಗೆ ಕುಕ್ಕಿದಳು. ಆಮೇಲೆ ನನ್ನ ಬ್ಯಾಗಿಂದ ಅಪ್ಪನ ಬೈಬಲ್ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನಂಬದೇ ಇರೋರ ಕೈಗೆ ಇದು ಸೀಟು ಹಿಡಿಯೋ ಬಟ್ಟೆ ಅಲ್ಲ ಅಂದಳು."

ಬೇತಮಂಗಲ ಅಲ್ಲಿಯೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳು ಅವನ ಕಡೆ ತಿರುಗಿ, "ನಿಂಗೂ ಹೇಳ್ತಿದ್ದೀನಿ. ನಾನು ನೀನಂದುಕೊಂಡ ಹುಡುಗಿ ಅಲ್ಲ. ನಾನು ಚರ್ಚ್ ಬಿಟ್ಟಿದ್ದೀನಿ. ಪ್ರಾರ್ಥನೆ ಮಾಡಲ್ಲ. ನಂಗೇನೂ ಗೊತ್ತಿಲ್ಲ" ಎಂದಳು.

ಅವನು ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಆಮೇಲೆ ಕೇಳಿದ, "ಅಂಗಾರೆ ನಾನು ನಲವತ್ತು ದಿನ ಕೋಳಿ ಬಿಟ್ಟಿದ್ದು?"

ನಿದ್ದೆ ಮಾಡುತ್ತಿದ್ದ ದಪ್ಪ ಮನುಷ್ಯನೂ ಎದ್ದು ನಕ್ಕ. ನಗು ನಿಂತ ಮೇಲೆ ಬೇತಮಂಗಲ ತಲೆ ಕೆರೆದುಕೊಂಡು, "ನಂಗೆ ಆ ಪ್ರಾರ್ಥನೆ ಇಡಿಸೈತೆ. ಬಿಡ್ಬೇಕಾ?" ಎಂದ. "ನೀನು ನಂಬಿದ್ರೆ ನಂಬು. ನಂಗೋಸ್ಕರ ನಂಬಬೇಡ" ಎಂದಳು ಅವಳು. "ಸರಿ, ಇವತ್ತು ಕಬಾಬ್ ತಿನ್ನಾಕೆ ಓಗಾನ" ಎಂದ ಅವನು. ಹುಡುಗ ಎದ್ದು ಹೋಗಲಿಲ್ಲ.

ಅಮ್ಮನದೇ ಕಷ್ಟವಾಯಿತು. ಮೂರು ತಿಂಗಳು ಅಡುಗೆ ಮಾಡಿ ಹಾಕಿದರು, ಡಬ್ಬಿ ಕಟ್ಟಿಕೊಟ್ಟರು, ಮಾತು ಮಾತ್ರ ಇಲ್ಲ. ಅವಳು ಊಟದ ಬ್ಯಾಗು ಇಟ್ಟು ನನಗೆ ಸೀಟು ಹಿಡಿಯಲು ನೋಡುತ್ತಿದ್ದಳು. ಜನ ಬ್ಯಾಗನ್ನು ತಳ್ಳಿ ಕೂರುತ್ತಿದ್ದರು. ಜಗಳವಾಡಿ ಗೆದ್ದ ದಿನ ಕೂತೆ, ಸೋತ ದಿನ ನಿಂತೆ. ಅಷ್ಟರಲ್ಲಿ ಆಸ್ಪತ್ರೆಯವರು ಮೈಸೂರಿನ ಹೊಸ ಶಾಖೆಗೆ ಅವಳನ್ನು ಹಾಕಿದರು. ಹೊಸ ಊರು, ಹಾಸ್ಟೆಲ್ಲು, ಸ್ವಂತ ಕೋಣೆ ಎಂದು ಹಾರಾಡಿದಳು, ಅಮ್ಮನ ನೆನಪಾದಾಗ ಮೂಗು ಒರೆಸಿಕೊಂಡಳು. "ಏನಾದ್ರೂ ಬೇಕಾದ್ರೆ ಈ ನಂಬರಿಗೆ ಫೋನ್ ಮಾಡಮ್ಮಾ ಅಂತ ಅವನ ನಂಬರನ್ನ ಕ್ಯಾಲೆಂಡರ್ ಮೇಲೆ ಬರೆದಿದ್ದೀನಿ ಅಕ್ಕಾ. ಅಮ್ಮ ಹರಿದು ಹಾಕಿಲ್ಲ" ಎಂದಳು. ಅದೇ ಅವಳಿಗೆ ದೊಡ್ಡ ಸುದ್ದಿ.

ಭಾನುವಾರ ನಾನು ತುಪ್ಪದ ಬಾಟಲಿ ಹಿಡಿದು ಬಂಗಾರಪೇಟೆ ಸ್ಟೇಷನ್ನಿಗೆ ಹೋದೆ. ಅವಳ ಅಮ್ಮ ಬಂದಿದ್ದರು. ಸಣ್ಣಗಿನ, ನೆಟ್ಟಗೆ ನಿಲ್ಲುವ ಹೆಂಗಸು. ಬೇತಮಂಗಲ ದೂರದಲ್ಲಿ ನೀರಿನ ಬಾಟಲಿ ಹಿಡಿದು ಕಂಬದ ಹಿಂದೆ ಅರ್ಧ ನಿಂತಿದ್ದ. ಅವರು ಅವನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದರು. ಗಾಡಿ ಹೊರಡುವಾಗ ಮಗಳ ತಲೆಯ ಮೇಲೆ ಕೈಯಿಟ್ಟು ಏನೋ ತಮಿಳಿನಲ್ಲಿ ಪಿಸುಗುಟ್ಟಿದರು. ಅವಳು ಕಣ್ಣು ಮುಚ್ಚಿಕೊಂಡು, ತಲೆ ಬಗ್ಗಿಸಿ, ಪೂರ್ತಿ ಮುಗಿಯುವವರೆಗೆ ನಿಂತಿದ್ದಳು. ಗಾಡಿ ಹೋದ ಮೇಲೆ ಅವರು ನನ್ನ ಕಾಲಿನ ಕಡೆ ನೋಡಿದರು. "ನೀನೇನಾಮ್ಮಾ ಆ ಅಕ್ಕ? ಇಷ್ಟು ಊದಿದೆಯೇ" ಎಂದರು. ಅಷ್ಟೇ ಮಾತು.

ಸೋಮವಾರ ಬೆಳಿಗ್ಗೆ, ಇನ್ನು ಮೇಲೆ ನಿಂತೇ ಹೋಗುವುದು ಎಂದುಕೊಂಡು ಗಾಡಿ ಹತ್ತಿದೆ. ಅಭ್ಯಾಸಕ್ಕೆ ಕಿಟಕಿಯ ಕಡೆ ನೋಡಿದೆ. ಅವಳ ಜಾಗದಲ್ಲಿ ಬೇತಮಂಗಲ ಪರೀಕ್ಷೆಗೆ ಕೂತವನ ಹಾಗೆ ಕಾಲು ಜೋಡಿಸಿ ಕೂತಿದ್ದ. ಪಕ್ಕದ ಸೀಟಿನ ಮೇಲೆ ಕರೀ ಜಿಪ್ಪಿನ ಬೈಬಲ್ ಇತ್ತು.

"ಎಲ್ಲಿಂದ ಬಂತ್ಲಾ ಇದು?"

"ಐದೂವರೆಗೆ ಫೋನ್ ಬಂತಕ್ಕಾ, ಅವ್ರಮ್ಮಂದು. ಮನೆ ತಾವ ಬಾ ಅಂದ್ರು. ಬೈಕ್ ತಗಂಡು ಚಾಂಪಿಯನ್‌ಗೆ ಓದೆ. ಇದನ್ನ ಕೈಗಿಟ್ರು. ಆ ಅಕ್ಕನ ಕಾಲು ನೋಡ್ದೆ, ಸೀಟ್ ಇಡಿ ಅಂದ್ರು."

"ಅಷ್ಟೇನಾ?"

"ಇನ್ನೊಂದೈತೆ." ಅವನ ಮುಖ ಅರಳುತ್ತಿತ್ತು, ತಡೆದುಕೊಳ್ಳಲು ಆಗುತ್ತಿರಲಿಲ್ಲ. "ಬುಕ್ಕನ್ನ ನಾನು ಇಟ್ಕಣಂಗಿಲ್ವಂತೆ. ಸಾಯಂಕಾಲ ವಾಪಸ್ ಮನೆಗ್ ತಂದ್ಕೊಡ್ಬೇಕಂತೆ. ಬೆಳಿಗ್ಗೆ ಬಂದು ಕಾಫಿ ಕುಡ್ದು ಈಸ್ಕಂಡೋಗ್ಬೇಕಂತೆ. ದಿನಾ."

ನಾನು ಬೈಬಲ್ಲನ್ನು ಎರಡು ಕಣ್ಣಿಗೂ ಒತ್ತಿಕೊಂಡು ಅವನ ಕೈಗೆ ಕೊಟ್ಟು ಕೂತೆ. ಕೂತವಳೇ ಮೈಸೂರಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಕಾಫಿಯ ವಿಷಯಕ್ಕೆ ಬರುವಷ್ಟರಲ್ಲಿ ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡುತ್ತಿದ್ದೆ. "ಯೇಸಪ್ಪಾ!" ಎಂದು ಅವಳು ಕೂಗಿದ್ದು ಎದುರು ಸೀಟಿನವರಿಗೂ ಕೇಳಿಸಿತು.